ದನದ ನಾಡಿನ ಜಾಗ್ವಾರ್

ಬ್ರೆಜಿಲ್‌ನ ನಡುಪಶ್ಚಿಮದಲ್ಲಿರುವ ಪೊಕೊನೆ ಎಂಬ ಸಣ್ಣ ಪಟ್ಟಣದಿಂದ ದಕ್ಷಿಣಕ್ಕೆ ಒಂದು ಮಣ್ಣಿನ ರಸ್ತೆ ಹೊರಡುತ್ತದೆ. ಅದರ ಹೆಸರು ಟ್ರಾನ್ಸ್‌ಪಂಟನೇರಾ. 1970ರ ದಶಕದಲ್ಲಿ, ಸೇನೆಯ ಆಡಳಿತವಿದ್ದ ಕಾಲದಲ್ಲಿ, ಈ ರಸ್ತೆಗೆ ಕೈಹಾಕಿದವರಿಗೆ ಇದ್ದ ಆಸೆ ದೊಡ್ಡದು. ಜೌಗನ್ನು ಉದ್ದಕ್ಕೂ ಸೀಳಿಕೊಂಡು ಹೋಗಿ ಆಚೆ ಬದಿಯ ಕೊರುಂಬಾ ಪಟ್ಟಣವನ್ನು ಮುಟ್ಟಿಸಬೇಕು ಎಂದಿದ್ದರು. ಆಗಲಿಲ್ಲ. ನೂರಿಪ್ಪತ್ತರ ಆಸುಪಾಸು ಸೇತುವೆ ಕಟ್ಟಿ, 147 ಕಿಲೋಮೀಟರ್ ಬಂದು, ಕುಯಾಬಾ ನದಿಯ ದಂಡೆಯಲ್ಲಿ ರಸ್ತೆ ಕೈಚೆಲ್ಲಿ ನಿಂತಿತು. ಹಾಗೆ ನಿಂತ ಜಾಗವೇ ಪೋರ್ತೊ ಜೋಫ್ರೆ. ಕಾಡಿನ ಜಾಗ್ವಾರನ್ನು ಹಗಲು ಬೆಳಕಿನಲ್ಲಿ, ಕೈಗೆಟಕುವಷ್ಟು ಹತ್ತಿರದಿಂದ ನೋಡಬೇಕು ಎನ್ನುವವರು ಈಗ ಜಗತ್ತಿನ ಮೂಲೆಮೂಲೆಯಿಂದ ಬಂದು ಸೇರುವುದು ಇಲ್ಲಿಗೇ.

ಅಪೂರ್ಣವಾಗಿ ಉಳಿದ ಈ ರಸ್ತೆ ಇನ್ನೊಂದು ಉಪಕಾರವನ್ನೂ ಮಾಡಿತು. ಏರಿ ಎತ್ತರಿಸಲು ಅಕ್ಕಪಕ್ಕದ ಮಣ್ಣನ್ನೇ ಬಗೆದಿದ್ದರಿಂದ ಎರಡೂ ಬದಿಗೆ ಉದ್ದಕ್ಕೂ ಗುಂಡಿ ಬಿದ್ದವು. ಮಳೆಗಾಲ ಮುಗಿದು ಬಯಲು ಒಣಗಿದಾಗ ಕೊನೆಯವರೆಗೆ ನೀರು ಉಳಿಯುವುದು ಈ ಗುಂಡಿಗಳಲ್ಲಿ. ಆಗಸ್ಟ್ ಹೊತ್ತಿಗೆ ಮೀನುಗಳೆಲ್ಲ ಅಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ. ಮೀನಿನ ಹಿಂದೆ ಬೆಳ್ಳಕ್ಕಿ, ಮಿಂಚುಳ್ಳಿ, ಚಮಚದಂಥ ಕೊಕ್ಕಿನ ಗುಲಾಬಿ ಬಣ್ಣದ ಹಕ್ಕಿ ಬರುತ್ತವೆ. ಮನುಷ್ಯನ ಎದೆಮಟ್ಟಕ್ಕೆ ಬರುವ ಜಬಿರು ಕೊಕ್ಕರೆಯೂ ಬರುತ್ತದೆ. ತಲೆ ಕುತ್ತಿಗೆ ಕಡುಕಪ್ಪು, ಕುತ್ತಿಗೆಯ ಬುಡದಲ್ಲಿ ಕೆಂಪು ಪಟ್ಟಿ ಇರುವ ಈ ಹಕ್ಕಿಯೇ ಆ ಸೀಮೆಯ ಲಾಂಛನ. ಸೇತುವೆಯ ಕೆಳಗೆ ಬಗ್ಗಿ ನೋಡಿದರೆ ಕೇಮನ್ ಮೊಸಳೆಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿರುತ್ತವೆ. ಪರಿಸರ ತಜ್ಞರು ಯೋಜನೆ ಹಾಕಿ ಕಟ್ಟಿದ್ದರೂ ವನ್ಯಜೀವಿ ವೀಕ್ಷಣೆಗೆ ಇಷ್ಟು ಒಳ್ಳೆಯ ರಸ್ತೆ ಆಗುತ್ತಿರಲಿಲ್ಲವೇನೋ.

ರಸ್ತೆ ಹಾದುಹೋಗುವ ಈ ಜೌಗಿನ ಹೆಸರು ಪಂಟನಾಲ್. ಉಷ್ಣವಲಯದಲ್ಲಿ ಇದಕ್ಕಿಂತ ದೊಡ್ಡ ಜೌಗು ಪ್ರದೇಶ ಇನ್ನೊಂದಿಲ್ಲ. ವಿಸ್ತೀರ್ಣ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಕರ್ನಾಟಕದ ಮುಕ್ಕಾಲು ಭಾಗವನ್ನಾದರೂ ಅದರೊಳಗೆ ಇಡಬಹುದು. ಬಹುಪಾಲು ಬ್ರೆಜಿಲ್‌ನ ಮಾತೊ ಗ್ರೊಸೊ ಮತ್ತು ಮಾತೊ ಗ್ರೊಸೊ ದೊ ಸುಲ್ ರಾಜ್ಯಗಳಲ್ಲಿದೆ. ಅಂಚಿನ ತುಣುಕುಗಳು ಬೊಲಿವಿಯಾ, ಪರಗ್ವೆ ದೇಶಗಳಿಗೆ ಸೇರಿವೆ. ಇದರ ಆಕಾರ ಊಟದ ತಟ್ಟೆಯ ಹಾಗೆ. ಸುತ್ತ ಎತ್ತರದ ಅಂಚು, ನಡುವೆ ಸಪಾಟು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಂಚಿನ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ ಹತ್ತಾರು ನದಿಗಳಲ್ಲಿ ಇಳಿದು ನಡುವಿಗೆ ಬರುತ್ತದೆ. ಬಂದ ನೀರಿಗೆ ಹೊರಡುವ ಅವಸರವಿಲ್ಲ. ನೆಲದ ಇಳಿಜಾರು ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್ ಆದ್ದರಿಂದ ಉತ್ತರದ ನೆರೆ ದಕ್ಷಿಣದ ತುದಿ ಮುಟ್ಟಲು ತಿಂಗಳುಗಳೇ ಬೇಕು. ಉತ್ತರದಲ್ಲಿ ನೆಲ ಒಣಗುವಾಗ ದಕ್ಷಿಣದಲ್ಲಿ ನೀರು ಏರುತ್ತಿರುತ್ತದೆ. ಕೊನೆಗೆ ಎಲ್ಲವೂ ಪರಗ್ವೆ ನದಿಯ ಪಾಲಾಗಿ, ಪರಾನಾ ನದಿಯನ್ನು ಸೇರಿ, ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ.

ಪ್ರವಾಸದ ಕರಪತ್ರಗಳು ಇದನ್ನು ‘ಮನುಷ್ಯ ಮುಟ್ಟದ ನೆಲ’ ಎಂದು ಹೊಗಳುವುದುಂಟು. ಶುದ್ಧ ಸುಳ್ಳು. ಬ್ರೆಜಿಲ್‌ನ ಪಂಟನಾಲ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಖಾಸಗಿ ಜಮೀನು, ಅದೂ ದನ ಸಾಕುವವರದು. ‘ಫಜೆಂಡಾ’ ಎಂದು ಕರೆಯುವ ಈ ದೊಡ್ಡ ಹಿಡುವಳಿಗಳಲ್ಲಿ ಎರಡು ಶತಮಾನಕ್ಕೂ ಹಿಂದಿನಿಂದ ದನ ಮೇಯುತ್ತಿವೆ. ನೆರೆ ಬಂದಾಗ ದಿಬ್ಬಕ್ಕೆ ಹೊಡೆಯುವುದು, ನೀರಿಳಿದಾಗ ಹೊಸ ಹುಲ್ಲಿಗೆ ಬಿಡುವುದು: ಪಂಟನೇರೊ ದನಗಾಹಿಯ ಬದುಕೆಲ್ಲ ಈ ಲಯದಲ್ಲೇ. ಕುದುರೆಯ ಮೇಲೆ ಕೂತು ಅವನು ಹೊಡೆದುಕೊಂಡು ಹೋಗುವ ಮಂದೆಯನ್ನು ಕಂಡರೆ ನಮ್ಮ ಕಡೆಯವರಿಗೆ ಎಲ್ಲೋ ಕಂಡ ಹಾಗನಿಸುವುದು ಸಹಜ. ಬಿಳಿ ಮೈ, ಎದ್ದು ನಿಂತ ಹಿಣಿಲು, ಜೋತ ಗಂಗೆದೊಗಲು. ನೆಲೋರೆ ಎಂಬ ಈ ತಳಿಯ ಪೂರ್ವಜರು ಹಡಗು ಹತ್ತಿ ಹೋದದ್ದು ನಮ್ಮ ನೆರೆಯ ಆಂಧ್ರದಿಂದ. ಓಂಗೋಲು ಹಸುಗಳ ಸಂತತಿ ಇವು. ಬಿಸಿಲು, ಉಣ್ಣೆ, ಒರಟು ಹುಲ್ಲು ಎಲ್ಲವನ್ನೂ ತಾಳಿಕೊಂಡು ಅವು ಇವತ್ತು ಬ್ರೆಜಿಲ್ ತುಂಬ ಇವೆ.

ದನ ಇದ್ದಲ್ಲಿ ಕಾಡು ಹಾಳು ಎನ್ನುವುದು ಸಾಮಾನ್ಯ ತಿಳಿವಳಿಕೆ. ಪಂಟನಾಲ್‌ನಲ್ಲಿ ಅದು ಪೂರ್ತಿ ಸರಿಹೋಗುವುದಿಲ್ಲ. ಹಯಸಿಂತ್ ಮಕಾವ್ ಗಿಳಿಯನ್ನೇ ನೋಡಿ. ಕೊಕ್ಕಿನಿಂದ ಬಾಲದ ತುದಿಗೆ ಒಂದು ಮೀಟರ್ ಉದ್ದ, ಇಡೀ ಮೈ ದಟ್ಟ ನೀಲಿ, ಕಣ್ಣಿನ ಸುತ್ತ ಹಳದಿ ಬಳೆ. ಗಿಳಿಗಳಲ್ಲೆಲ್ಲ ಉದ್ದದ್ದು. ಅಕುರಿ ಎಂಬ ತಾಳೆಯ ಕಾಯಿ ಅದಕ್ಕೆ ಮುಖ್ಯ ಆಹಾರ; ಕಲ್ಲಿನಂಥ ಅದರ ಓಟೆಯನ್ನು ಒಡೆಯುವ ಶಕ್ತಿ ಕೊಕ್ಕಿಗಿದೆ. ಆದರೆ ಓಟೆಯ ಮೇಲಿನ ತಿರುಳು ಬಿಡಿಸುವುದು ರೇಜಿಗೆಯ ಕೆಲಸ. ಹಸುಗಳು ಹಣ್ಣು ನುಂಗಿ, ತಿರುಳು ಅರಗಿಸಿಕೊಂಡು, ಓಟೆಯನ್ನು ಸಗಣಿಯಲ್ಲಿ ಹಾಕುತ್ತವೆ. ಗಿಳಿಗಳು ದೊಡ್ಡಿಯ ಬಳಿ ನೆಲಕ್ಕಿಳಿದು ಒಣಗಿದ ಸಗಣಿಯಿಂದ ಅದನ್ನು ಆರಿಸಿಕೊಳ್ಳುತ್ತವೆ. ಕ್ಯಾಮೆರಾ ಹಿಡಿದು ಹೋದವರು ಈ ರಾಜಗಾಂಭೀರ್ಯದ ಹಕ್ಕಿಯನ್ನು ಮೊದಲು ಕಾಣುವುದು ಎಷ್ಟೋ ಸಲ ಸಗಣಿ ಕೆದಕುವ ಸ್ಥಿತಿಯಲ್ಲೇ.

ಅದರ ಗೂಡಿನ ಕತೆ ಇನ್ನೂ ಸೊಗಸು. ಹತ್ತರಲ್ಲಿ ಒಂಬತ್ತು ಗೂಡು ಇರುವುದು ಮಂದುವಿ ಎಂಬ ಒಂದೇ ಜಾತಿಯ ಮರದ ಪೊಟರೆಯಲ್ಲಿ. ಮೃದು ಮರ, ಸುಲಭವಾಗಿ ಟೊಳ್ಳಾಗುತ್ತದೆ. ಆದರೆ ಮಕಾವ್ ಹಿಡಿಸುವಷ್ಟು ದೊಡ್ಡ ಪೊಟರೆ ಆಗಬೇಕಾದರೆ ಮರಕ್ಕೆ ಅರುವತ್ತು ವರ್ಷವಾದರೂ ಆಗಿರಬೇಕು. ಈ ಮಂದುವಿಯ ಬೀಜವನ್ನು ಹರಡುವವರು ಯಾರು? ಹೆಚ್ಚಾಗಿ ಟೂಕಾನ್ ಹಕ್ಕಿ, ಕಿತ್ತಳೆ ಬಣ್ಣದ ದೊಡ್ಡ ಕೊಕ್ಕಿನದು. ಅದೇ ಟೂಕಾನ್ ಸಮಯ ಸಿಕ್ಕರೆ ಪೊಟರೆಗೆ ಕೊಕ್ಕು ತೂರಿಸಿ ಮಕಾವ್‌ನ ಮೊಟ್ಟೆಯನ್ನೂ ಎತ್ತಿಕೊಂಡು ಹೋಗುತ್ತದೆ. ಮನೆ ಕಟ್ಟಿಕೊಡುವವನೇ ಕಳ್ಳ! ಟೂಕಾನ್ ಇದ್ದರೂ ಕಷ್ಟ, ಇಲ್ಲದಿದ್ದರಂತೂ ಮುಂದಿನ ಪೀಳಿಗೆಯ ಮಕಾವ್‌ಗೆ ಮರವೇ ಇಲ್ಲ.

1980ರ ದಶಕದಲ್ಲಿ ಪಂಜರದ ವ್ಯಾಪಾರಕ್ಕಾಗಿ ಈ ಗಿಳಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಮಾರಿದರು. ಪಂಟನಾಲ್‌ನಲ್ಲಿ ಉಳಿದದ್ದು ಸುಮಾರು ಒಂದೂವರೆ ಸಾವಿರ. ಆಗ ನೇವಾ ಗೆದೆಸ್ ಎಂಬ ಜೀವವಿಜ್ಞಾನಿ ಮರ ಹತ್ತಲು ಶುರುಮಾಡಿದರು. ಪೊಟರೆ ರಿಪೇರಿ, ಮರದ ಪೆಟ್ಟಿಗೆಯ ಕೃತಕ ಗೂಡು, ಮರಿಗಳ ತೂಕ, ಫಜೆಂಡಾ ಮಾಲೀಕರ ಮನವೊಲಿಕೆ, ಹೀಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದ ದುಡಿಮೆ. ಸಂಖ್ಯೆ ಐದು ಸಾವಿರದ ಆಸುಪಾಸಿಗೆ ಏರಿತು. ಮಂದುವಿ ಮರಗಳೆಲ್ಲ ದನದವರ ಜಮೀನಿನಲ್ಲೇ ಇದ್ದುದರಿಂದ, ಅವರು ಬೇಡವೆಂದಿದ್ದರೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ಜಾಗ್ವಾರ್ ವಿಷಯದಲ್ಲಿ ದನದವರ ಮನಸ್ಸು ಇಷ್ಟು ಮೆದುವಾಗಿರಲಿಲ್ಲ. ಕರು ಹಿಡಿಯುವ ಪ್ರಾಣಿಯನ್ನು ಯಾರು ತಾನೇ ಮುದ್ದಿಸುತ್ತಾರೆ? ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1913–14ರ ಪ್ರಸಿದ್ಧ ಯಾತ್ರೆಯಲ್ಲಿ ಅಮೆಜಾನ್ ಕಡೆಗೆ ಹೋಗುವ ಮುನ್ನ ಇಲ್ಲಿ ಫಜೆಂಡಾಗಳಲ್ಲಿ ತಂಗಿ ಜಾಗ್ವಾರ್ ಬೇಟೆಯಾಡಿದ. ಲಾಟ್ವಿಯಾದಿಂದ ಬಂದ ಸಾಶಾ ಸೀಮೆಲ್ ಎಂಬಾತ ಈಟಿಯೊಂದನ್ನೇ ಹಿಡಿದು ಜಾಗ್ವಾರ್ ಎದುರಿಸುವ ವಿದ್ಯೆಯನ್ನು ಸ್ಥಳೀಯ ಬೇಟೆಗಾರನಿಂದ ಕಲಿತು, ಅದರಿಂದಲೇ ಹೆಸರು ಮಾಡಿದ. ಬ್ರೆಜಿಲ್ 1967ರಲ್ಲಿ ಕಾನೂನು ತಂದು ಬೇಟೆ ನಿಷೇಧಿಸಿತು. ಕಾನೂನು ಬಂದರೂ ಹಟ್ಟಿಯ ಹಿಂದಿನ ಕೋವಿ ಸುಮ್ಮನಿರಲಿಲ್ಲ. ಕೇಮನ್ ಮೊಸಳೆಯ ಚರ್ಮಕ್ಕೂ, ಎರಡು ಮೀಟರಿನವರೆಗೆ ಬೆಳೆಯುವ ದೈತ್ಯ ನೀರುನಾಯಿಯ ತುಪ್ಪಳಕ್ಕೂ ಹೊರದೇಶದಲ್ಲಿ ಬೆಲೆಯಿದ್ದುದರಿಂದ ಕಳ್ಳಬೇಟೆ ಮುಂದೆಯೂ ನಡೆಯಿತು.

ಪೋರ್ತೊ ಜೋಫ್ರೆಗೆ ಮೊದಲು ಬಂದವರು ಗಾಳದ ಕೋಲಿನವರು, ದೊಡ್ಡ ಮೀನಿನ ಆಸೆಗೆ. ದಿನವಿಡೀ ದೋಣಿಗಳು ಓಡಾಡಿದವು, ಯಾರೂ ಗುಂಡು ಹಾರಿಸಲಿಲ್ಲ. ದಂಡೆಯ ಜಾಗ್ವಾರ್‌ಗಳು ದೋಣಿ ಕಂಡು ಓಡುವುದನ್ನು ನಿಲ್ಲಿಸಿದವು. ಮಕಾವ್‌ಗಳ ಅಧ್ಯಯನದಿಂದ ಹೆಸರಾದ ಚಾರ್ಲ್ಸ್ ಮನ್ ಎಂಬ ಅಮೆರಿಕನ್ ವಿಜ್ಞಾನಿ ಮತ್ತು ಕೆಲವು ಸ್ಥಳೀಯರು 2000ರ ದಶಕದ ನಡುವಿನಲ್ಲಿ ಇಲ್ಲಿ ಜಾಗ್ವಾರ್ ನೋಡುವ ಪ್ರವಾಸಗಳನ್ನು ಬೆಳೆಸಿದರು. 2004ರಲ್ಲೇ ಎನ್‌ಕೊಂತ್ರೊ ದಾಸ್ ಆಗುವಸ್ ಎಂಬ ರಾಜ್ಯ ಉದ್ಯಾನ ಘೋಷಣೆಯಾಗಿತ್ತು. ಲಕ್ಷ ಹೆಕ್ಟೇರ್‌ಗೂ ಹೆಚ್ಚು ನದಿ, ಕಾಲುವೆ, ದಂಡೆಕಾಡು. ಉಳಿದದ್ದನ್ನು ದುಡ್ಡು ಮಾಡಿತು. 2017ರಲ್ಲಿ ಫರ್ನಾಂಡೊ ಟೊರ್ಟಾಟೊ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ ಹೀಗಿದೆ: ಈ ಭಾಗದಲ್ಲಿ ಜಾಗ್ವಾರ್ ಪ್ರವಾಸೋದ್ಯಮದ ವಾರ್ಷಿಕ ಆದಾಯ 68 ಲಕ್ಷ ಡಾಲರ್, ಅಷ್ಟೇ ಜಾಗ್ವಾರ್‌ಗಳು ದನ ತಿಂದರೆ ಆಗಬಹುದಾದ ನಷ್ಟ ಸುಮಾರು 1.2 ಲಕ್ಷ ಡಾಲರ್. ಲೆಕ್ಕವೇನೋ ಕಣ್ಣು ಕುಕ್ಕುವಂತಿದೆ. ಆದರೆ ಗಮನಿಸಿ, ಆದಾಯ ಹೋಗುವುದು ಹೊಳೆದಂಡೆಯ ಲಾಡ್ಜ್‌ಗಳಿಗೆ. ಕರು ಹೋಗುವುದು ಹಿಂದಿನ ಬಯಲಿನ ದನದವನದು. ಇಬ್ಬರೂ ಒಬ್ಬರೇ ಅಲ್ಲದಿದ್ದಲ್ಲಿ ಈ ತಕ್ಕಡಿ ತಾನಾಗಿ ತೂಗುವುದಿಲ್ಲ. ಕಬಿನಿ, ದಾಂಡೇಲಿ ಸುತ್ತಿನ ಹಳ್ಳಿಗಳ ಮಾತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಆರರ ಹೊತ್ತಿಗೆ ಅಲ್ಯುಮಿನಿಯಂ ದೋಣಿಗಳು ಹೊರಡುತ್ತವೆ. ನದಿಯ ಅಂಚಿನಲ್ಲಿ ತೇಲುವ ಹಸಿರು ಹಾಸು, ನೇರಳೆ ಹೂವು: ಬೆಳ್ಳಂದೂರು ಕೆರೆಯನ್ನು ಮುಚ್ಚಿ ಪಾಲಿಕೆಯವರ ನಿದ್ದೆ ಕೆಡಿಸಿದ ಅದೇ ಜಲಕಳೆ. ಅದರ ತವರು ದಕ್ಷಿಣ ಅಮೆರಿಕ. ಇಲ್ಲಿ ಅದು ಕಳೆಯಲ್ಲ, ಮೀನಿನ ಮರಿಗಳ ಆಸರೆ, ಕ್ಯಾಪಿಬಾರಾಗಳ ಊಟ. ಕ್ಯಾಪಿಬಾರಾ ಎಂದರೆ ಐವತ್ತು ಕಿಲೋ ತೂಗುವ ಇಲಿ ಜಾತಿಯ ಪ್ರಾಣಿ. ನೀರು ಬಿಟ್ಟು ದೂರ ಹೋಗದು. ಅದು ಬೊಗಳಿದಂತೆ ಒಂದು ಗಟ್ಟಿ ಸದ್ದು ಮಾಡಿದರೆ ದೋಣಿಯವನ ಕಿವಿ ನೆಟ್ಟಗಾಗುತ್ತದೆ. ವಾಕಿಟಾಕಿಯಲ್ಲಿ ಪೋರ್ಚುಗೀಸ್ ಮಾತು ಗರಗರ ಹೊರಡುತ್ತದೆ. ದಂಡೆಯ ಪೊದೆಯ ನೆರಳಿನಲ್ಲಿ ಮೊದಲು ಕಾಣುವುದು ಒಂದು ಕಿವಿ, ಆಮೇಲೆ ಭುಜ. ಕಬಿನಿಯ ಚಿರತೆಯನ್ನು ನೋಡಿದ ಕಣ್ಣಿಗೆ ಇದು ಅದರ ಅಣ್ಣನಂತೆ ತೋರಿದರೂ ಮೈಕಟ್ಟು ಬೇರೆ: ಗಿಡ್ಡ ಕಾಲು, ಪೀಪಾಯಿಯಂಥ ಎದೆ, ಅಗಲ ತಲೆ, ಮೈಮೇಲಿನ ಹೂವಿನ ಗುರುತಿನ ನಡುವೆ ಚುಕ್ಕೆ. ಪಂಟನಾಲ್‌ನ ಗಂಡು ನೂರು ಕಿಲೋ ದಾಟುವುದುಂಟು. ಈ ಚುಕ್ಕೆಗಳ ವಿನ್ಯಾಸ ನೋಡಿಯೇ ಇಲ್ಲಿನ ಪ್ರತಿಯೊಂದು ಜಾಗ್ವಾರನ್ನೂ ಗುರುತಿಸಿ, ಹೆಸರಿಟ್ಟು, ತಾಯಿ ಮಕ್ಕಳ ಸಂಬಂಧ ಬರೆದಿಟ್ಟಿದ್ದಾರೆ. ಅದಕ್ಕೆ ಪ್ರವಾಸಿಗರ ಫೋಟೊಗಳೂ ನೆರವಾಗಿವೆ.

ಹೆಣ್ಣು ಜಾಗ್ವಾರ್ ನೀರಿನತ್ತ ಬಾಗಿ ನಿಲ್ಲುತ್ತದೆ. ಕೆಳಗೆ ಹಾಸಿನ ನಡುವೆ ಎರಡು ಕಣ್ಣುಗುಬ್ಬಿಗಳು, ಕೇಮನ್. ಐದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದೇ ನೆಗೆತ, ನೀರು ಕಲಕಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹುಲಿ, ಸಿಂಹಗಳ ಹಾಗೆ ಗಂಟಲಿಗೆ ಬಾಯಿ ಹಾಕುವುದು ಇದರ ಕ್ರಮವಲ್ಲ. ತಲೆಬುರುಡೆಯ ಹಿಂಭಾಗಕ್ಕೇ ಕೋರೆ ಇಳಿಸುತ್ತದೆ. ತನ್ನಷ್ಟೇ ಉದ್ದದ ಮೊಸಳೆಯನ್ನು ಕಚ್ಚಿಕೊಂಡು ಕಡಿದಾದ ದಂಡೆ ಹತ್ತುವಾಗ ಅದರ ಹಿಂಗಾಲು ಎರಡು ಸಲ ಜಾರುತ್ತದೆ. ಮೂರನೆಯ ಸಲಕ್ಕೆ ಪೊದೆ ಸೇರುತ್ತದೆ.

ಇಷ್ಟೂ ನಡೆಯುವಾಗ ಸುತ್ತ ಇಪ್ಪತ್ತು ದೋಣಿ ನಿಂತಿರಬಹುದು ಎನ್ನುವುದನ್ನು ಫೋಟೊಗಳು ತೋರಿಸುವುದಿಲ್ಲ. ಸೀಸನ್ ತಾರಕದಲ್ಲಿರುವಾಗ, ಅಂದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಒಂದು ಮಲಗಿದ ಜಾಗ್ವಾರ್ ಮುಂದೆ ದೋಣಿಗಳ ಜಾತ್ರೆಯೇ ನೆರೆಯುತ್ತದೆ. ಬಂಡೀಪುರದ ಜಿಪ್ಸಿ ಸಾಲು ನೋಡಿದವರು ಇದಕ್ಕಾಗಿ ಅರ್ಧ ಭೂಮಿ ಸುತ್ತಿ ಬರಬೇಕೆ ಎಂದು ಕೇಳಿದರೆ ತಪ್ಪಿಲ್ಲ. ಪೋರ್ತೊ ಜೋಫ್ರೆಯ ಪ್ರಾಣಿಗಳಿಗೆ ಅಭ್ಯಾಸವಾಗಿದೆ, ನಿಜ. ಆದರೆ ಅಭ್ಯಾಸಕ್ಕೂ ಉಪದ್ರವಕ್ಕೂ ನಡುವಿನ ಗೆರೆ ತೆಳು. ದೋಣಿಗಳ ಸಂಖ್ಯೆಗೆ ಕಡಿವಾಣ ಬೀಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ತಯಾಮಾ ಎಂಬ ಇನ್ನೊಂದು ರಕ್ಷಿತ ದ್ವೀಪಭಾಗ ಪಂಟನಾಲ್‌ನಲ್ಲಿದೆ. ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ನೂರು ಚದರ ಕಿಲೋಮೀಟರಿಗೆ ಹನ್ನೆರಡರಷ್ಟು ಜಾಗ್ವಾರ್‌ಗಳು ಅಲ್ಲಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಮೀನು, ಮೊಸಳೆ ತಿಂದೇ ಬದುಕುವ, ಒಂದರ ಜೊತೆ ಒಂದು ಆಟವಾಡುವ ಜಾಗ್ವಾರ್‌ಗಳು. ನಾವು ನೋಡದಿದ್ದರೂ ಅವು ಚೆನ್ನಾಗಿಯೇ ಇವೆ.

ದಕ್ಷಿಣದ ಮಿರಾಂಡಾ ಕಡೆ ದಾರಿ ಬೇರೆ. ಅಲ್ಲಿನ ಕೇಮನ್ ಎಂಬ ಫಜೆಂಡಾದಲ್ಲಿ ದನವೂ ಉಂಟು, ಪ್ರವಾಸಿಗರೂ ಉಂಟು, ಜಾಗ್ವಾರೂ ಉಂಟು. ಕಾರ್ ರೇಸ್ ಬಿಟ್ಟುಬಂದ ಮಾರಿಯೊ ಹೇಬರ್‌ಫೆಲ್ಡ್ 2011ರಲ್ಲಿ ಇಲ್ಲಿ ‘ಒನ್ಸಾಫಾರಿ’ ಸಂಸ್ಥೆ ಶುರುಮಾಡಿದರು. ದಕ್ಷಿಣ ಆಫ್ರಿಕಾದ ಚಿರತೆಗಳಂತೆ ಇಲ್ಲಿನ ಜಾಗ್ವಾರ್‌ಗಳೂ ಜೀಪನ್ನು ಅಪಾಯವೆಂದು ತಿಳಿಯದಂತೆ ನಿಧಾನವಾಗಿ ಪಳಗಿಸುವುದು ಅವರ ಆಲೋಚನೆ. ಆಹಾರ ಹಾಕಿ ಅಲ್ಲ, ದಿನದಿನವೂ ದೂರದಲ್ಲಿ ನಿಂತು. ತಾಯಿಯನ್ನು ಕಳೆದುಕೊಂಡ ಈಸಾ, ಫೇರಾ ಎಂಬ ಅಕ್ಕತಂಗಿ ಮರಿಗಳನ್ನು ಬೇಟೆ ಕಲಿಸಿ 2016ರಲ್ಲಿ ಕಾಡಿಗೆ ಬಿಟ್ಟರು. ಎರಡೂ ಮುಂದೆ ಮರಿ ಹಾಕಿದವು.

ಆಹಾರ ಹಾಕಿ ಕರೆಯುವವರೂ ಇಲ್ಲದಿಲ್ಲ. ಮಾಂಸ, ಮೀನು ಎಸೆದು ಪ್ರಾಣಿಯನ್ನು ದಂಡೆಗೆ ಬರಿಸಿ ಗಿರಾಕಿಗೆ ತೋರಿಸುವುದು ಅಲ್ಲಿ ಅಪರಾಧ. 2025ರ ಏಪ್ರಿಲ್‌ನಲ್ಲಿ ದಕ್ಷಿಣ ಪಂಟನಾಲ್‌ನ ಅಕ್ವಿದವಾನಾ ಭಾಗದಲ್ಲಿ ಮೀನುಗಾರಿಕೆ ತಾಣವೊಂದರ ಕಾವಲುಗಾರನನ್ನು ಜಾಗ್ವಾರ್ ಕೊಂದಿತು. ತುಂಬ ಅಪರೂಪದ ಘಟನೆ. ಆ ಸುತ್ತಿನಲ್ಲಿ ಪ್ರಾಣಿಗಳಿಗೆ ಆಹಾರ ಹಾಕುವ ರೂಢಿ ಇತ್ತೇ ಎಂಬ ಪ್ರಶ್ನೆ ಕೂಡಲೇ ಎದ್ದಿತು. ಒಬ್ಬ ಮನುಷ್ಯನ ಪ್ರಾಣ ಹೋಯಿತು, ಜಾಗ್ವಾರ್ ಸೆರೆ ಸೇರಿತು.

ಪಂಟನಾಲ್ ಬಿಟ್ಟರೆ ದಕ್ಷಿಣ ಅಮೆರಿಕದಲ್ಲಿ ಬೇರೆ ಜಾಗಗಳಿಲ್ಲವೇ? ಬೇಕಾದಷ್ಟಿವೆ. ಪೆರುವಿನ ಮಾನು ರಾಷ್ಟ್ರೀಯ ಉದ್ಯಾನ, 1973ರದು, ಆಂಡಿಸ್‌ನ ಮಂಜುಕಾಡಿನಿಂದ ಅಮೆಜಾನ್ ತಗ್ಗಿನವರೆಗೆ ಇಳಿಯುತ್ತದೆ; ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಹೊರಗಿನವರ ಸಂಪರ್ಕ ಬೇಡವೆನ್ನುವ ಬುಡಕಟ್ಟು ಜನರೂ ಇದ್ದಾರೆ, ಆದ್ದರಿಂದ ಬಹುಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಹತ್ತಿರದ ತಾಂಬೊಪಾಟಾದಲ್ಲಿ ಗಿಳಿಗಳು ಉಪ್ಪಿನಂಶಕ್ಕಾಗಿ ನದಿದಂಡೆಯ ಮಣ್ಣು ತಿನ್ನುವ ನೋಟ ಪ್ರಸಿದ್ಧ. ಅರ್ಜೆಂಟೀನಾದ ಇಬೆರಾ ಜೌಗಿನ ಕತೆ ಮಾತ್ರ ಬೇರೆಯೇ ಜಾತಿಯದು. ಅಲ್ಲಿ ಜಾಗ್ವಾರ್ ಸುಮಾರು ಎಪ್ಪತ್ತು ವರ್ಷಗಳ ಹಿಂದೆಯೇ ಅಳಿದಿತ್ತು. ನಾರ್ತ್ ಫೇಸ್ ಬಟ್ಟೆ ಕಂಪನಿಯ ಸ್ಥಾಪಕ ಡಗ್ಲಸ್ ಟಾಂಪ್ಕಿನ್ಸ್ ಮತ್ತು ಪತ್ನಿ ಕ್ರಿಸ್ಟೀನ್ ದನದ ಜಮೀನುಗಳನ್ನು ಕೊಂಡು ಕೂಡಿಸಿದರು. ‘ವಿದೇಶಿಯ ಕೈಗೆ ನಮ್ಮ ನೀರು’ ಎಂಬ ಕೂಗೆದ್ದಿತು. 2015ರಲ್ಲಿ ಡಗ್ಲಸ್ ತೀರಿಕೊಂಡ ಮೇಲೆ ಜಮೀನೆಲ್ಲ ಸರಕಾರಕ್ಕೆ ದಾನವಾಯಿತು. 2018ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಳಿದುಹೋದ ಪ್ರಾಣಿಗಳನ್ನು ಮರಳಿ ತಂದು ಬಿಡುವ ಕೆಲಸವೂ ಈ ನಡುವೆ ಸಾಗಿತ್ತು: ಮೊದಲು ಇರುವೆಬಾಕ, ಆಮೇಲೆ ಇನ್ನಿತರ ಪ್ರಾಣಿ, ಕೊನೆಗೆ 2021ರ ಜನವರಿಯಲ್ಲಿ ಮರಿಯುವಾ ಎಂಬ ತಾಯಿ ಜಾಗ್ವಾರ್, ಎರಡು ಮರಿಗಳೊಂದಿಗೆ, ಆವರಣದ ಗೇಟಿನಾಚೆ ಹೆಜ್ಜೆಯಿಟ್ಟಿತು.

ಈಗ ಪಂಟನಾಲ್‌ನ ಬೆಂಕಿಯ ಮಾತು, ಅದನ್ನು ಬಿಟ್ಟು ಈ ಪ್ರವಾಸದ ಬಗ್ಗೆ ಬರೆಯುವುದು ಸರಿಯಲ್ಲ. 2020ರಲ್ಲಿ ಪಂಟನಾಲ್‌ನ ಕಾಲು ಭಾಗಕ್ಕೂ ಹೆಚ್ಚು, ಸುಮಾರು 40 ಲಕ್ಷ ಹೆಕ್ಟೇರ್, ಸುಟ್ಟಿತು. ಪೋರ್ತೊ ಜೋಫ್ರೆ ಪಕ್ಕದ ಉದ್ಯಾನದ ಬಹುಪಾಲು ಬೂದಿಯಾಯಿತು. ಒಂದು ಅಧ್ಯಯನದ ಅಂದಾಜಿನಂತೆ ಆ ವರ್ಷ ಸತ್ತ ಬೆನ್ನೆಲುಬಿನ ಪ್ರಾಣಿಗಳು 1 ಕೋಟಿ 70 ಲಕ್ಷದಷ್ಟು. ಹೆಚ್ಚಿನವು ಹಾವು, ಹಲ್ಲಿ, ಇಲಿಗಳಂಥ ಯಾರೂ ಫೋಟೊ ತೆಗೆಯದ ಜೀವಿಗಳು. ಪಾದ ಸುಟ್ಟುಕೊಂಡ ಓಸಾದೊ ಎಂಬ ಗಂಡು ಜಾಗ್ವಾರನ್ನು ಗೊಯಾಸ್ ರಾಜ್ಯಕ್ಕೆ ಒಯ್ದು, ಬ್ಯಾಂಡೇಜು ಕಟ್ಟಿ, ಆಕರಕೋಶ ಚಿಕಿತ್ಸೆ ಕೊಟ್ಟು, ಕೆಲವೇ ವಾರಗಳಲ್ಲಿ ಅದರ ಕಾಡಿಗೇ ಮರಳಿ ಬಿಟ್ಟರು. ಜೊತೆಗೆ ಚಿಕಿತ್ಸೆ ಪಡೆದ ಅಮನಾಸಿ ಎಂಬ ಹೆಣ್ಣಿನ ಪಾದದ ಸ್ನಾಯುರಜ್ಜುಗಳು ಹಾಳಾಗಿದ್ದವು. ಅದಕ್ಕೆ ಉಗುರು ಚಾಚಲಾಗುವುದಿಲ್ಲ, ಆವರಣದೊಳಗೇ ಉಳಿಯಿತು. 2024ರಲ್ಲಿ ಮತ್ತೆ ದೊಡ್ಡ ಬೆಂಕಿ. ಮಿರಾಂಡಾದ ಕೇಮನ್ ಫಜೆಂಡಾವೂ ಸುಟ್ಟಿತು.

ಬೆಂಕಿ ಹಚ್ಚುವುದು ಬಹುಪಾಲು ಮನುಷ್ಯರೇ, ಹುಲ್ಲುಗಾವಲು ಚಿಗುರಿಸಲೆಂದು. ಹಿಂದೆಯೂ ಹಚ್ಚುತ್ತಿದ್ದರು. ಆದರೆ ಆಗ ನೀರು ಅದನ್ನು ಕಟ್ಟಿಹಾಕುತ್ತಿತ್ತು. ಪರಗ್ವೆ ನದಿಯ ಮಟ್ಟವನ್ನು ಲಾದಾರಿಯೊ ಎಂಬಲ್ಲಿ 1900ರಿಂದ ಅಳೆಯುತ್ತ ಬಂದಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಅದು ಆವರೆಗಿನ ಎಲ್ಲ ದಾಖಲೆಗಿಂತ ಕೆಳಗೆ, ಅಳತೆಗೋಲಿನ ಸೊನ್ನೆಗಿಂತಲೂ ಕೆಳಗಿಳಿಯಿತು. ಜೌಗಿನ ತಳದ ಸಸ್ಯಗೊಬ್ಬರ ಒಣಗಿದರೆ ಬೆಂಕಿ ನೆಲದೊಳಗೇ ಹರಿಯುತ್ತದೆ. ಮೇಲೆ ನಂದಿಸಿದ್ದು ಮರುದಿನ ಬೇರೆಡೆ ಏಳುತ್ತದೆ. ಇನ್ನು ಎತ್ತರದ ಪ್ರಸ್ಥಭೂಮಿಯಲ್ಲಿ ಸವನ್ನಾ ಕಾಡು ಕಡಿದು ಸೋಯಾ ಬಿತ್ತಿದ್ದಾರೆ. ಅಲ್ಲಿಂದ ಕೊಚ್ಚಿಬಂದ ಮಣ್ಣು ತಾಕ್ವಾರಿ ನದಿಯ ಪಾತ್ರವನ್ನೇ ತುಂಬಿ, ನೀರು ದಂಡೆ ಒಡೆದು ಹರಿದು ಎಷ್ಟೋ ಫಜೆಂಡಾಗಳು ಶಾಶ್ವತವಾಗಿ ಮುಳುಗಿದವು. ಕುಯಾಬಾ ನದಿಯ ಉಪನದಿ ಮಾನ್ಸೊಗೆ ಅಣೆಕಟ್ಟು ಬಂದು ಇಪ್ಪತ್ತು ವರ್ಷ ದಾಟಿದೆ. ನೆರೆಯ ಏರಿಳಿತ ಮೊದಲಿನಂತಿಲ್ಲ. ಪ್ರವಾಸಿಗರ ಡಾಲರ್ ಒಂದು ಜಾಗ್ವಾರನ್ನು ಕೋವಿಯಿಂದ ಉಳಿಸಬಲ್ಲದು. ನೂರಾರು ಕಿಲೋಮೀಟರ್ ಮೇಲೆ ಏನು ಬಿತ್ತಬೇಕು, ಎಲ್ಲಿ ಅಣೆ ಕಟ್ಟಬೇಕು ಎನ್ನುವುದರಲ್ಲಿ ಆ ಡಾಲರ್‌ಗೆ ಮಾತಿಲ್ಲ.

ಹೋಗುವವರಿಗೆ ಎರಡು ಮಾತು. ಜಾಗ್ವಾರ್ ಬೇಕಾದರೆ ಜುಲೈಯಿಂದ ಅಕ್ಟೋಬರ್; ಸೆಪ್ಟೆಂಬರ್‌ನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ, ಜುಲೈಯಲ್ಲಿ ದಕ್ಷಿಣದ ತಣ್ಣನೆ ಗಾಳಿ ಬಂದರೆ ದೋಣಿಯಲ್ಲಿ ಸ್ವೆಟರ್ ಸಾಲದು. ಪೋರ್ತೊ ಜೋಫ್ರೆಯಲ್ಲೇ ಎಲ್ಲ ದಿನ ಕಳೆಯಬೇಡಿ; ದನ ಸಾಕುವ ಫಜೆಂಡಾದಲ್ಲೂ ತಂಗಿ, ಇರುವೆಬಾಕ, ಮಕಾವ್ ಕಾಣುವುದು ಅಲ್ಲೇ ಹೆಚ್ಚು, ನಿಮ್ಮ ಹಣವೂ ಸೇರಬೇಕಾದವರನ್ನು ಸೇರುತ್ತದೆ. ಪ್ರಾಣಿಗೆ ಆಹಾರ ಹಾಕಿ ತೋರಿಸುತ್ತೇವೆ ಎನ್ನುವವರ ದೋಣಿ ಹತ್ತಲೇಬೇಡಿ. ಬ್ರೆಜಿಲ್‌ಗೆ ವೀಸಾ ಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ಆ ದೇಶದಿಂದ ಮರಳಿದರೆ ಭಾರತದ ವಿಮಾನ ನಿಲ್ದಾಣದಿಂದಲೇ ನಿಮ್ಮನ್ನು ಆರು ದಿನದವರೆಗೆ ಪ್ರತ್ಯೇಕವಾಸಕ್ಕೆ ಕಳಿಸಬಹುದು.